ಹಳೇ ರಾಡಿಗೆ ಏನಾಗಿತ್ತು

ನಮ್ಮ ಗಾಡಿ ತಿರುವಿನಲ್ಲಿ ವಾಲುತ್ತದೆ ಎಂದು ಮೂರು ತಿಂಗಳು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸ್ಟಾಫ್ ರೂಮಿನಲ್ಲಿ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ, ನಮ್ಮ ಯಜಮಾನರಿಗಂತೂ ದಿನಕ್ಕೆರಡು ಸಲ ಹೇಳಿದೆ. ಸುಳ್ಳೇನಲ್ಲ, ವಾಲುತ್ತಿತ್ತು. ಏಳು ಜನ ಕೂರುವ ದೊಡ್ಡ ಗಾಡಿ, ಎತ್ತರ ಜಾಸ್ತಿ, ಮೈಸೂರಿನವರೊಬ್ಬರು ಕೆಲವು ವರ್ಷ ಓಡಿಸಿ ನಮಗೆ ಮಾರಿದ್ದು. ಆದರೆ ಒಂದು ನಿಜವನ್ನು ಮುಚ್ಚಿಡುವುದಕ್ಕೆ ಇನ್ನೊಂದು ನಿಜವನ್ನು ಹೇಳುತ್ತಾ ಹೋದರೆ ಅದೂ ಸುಳ್ಳೇ ಆಗುತ್ತದೆ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಹೇಳಿಕೊಂಡು ತಿರುಗಿದೆ.

ನಾವಿರುವುದು ಚಾಮರಾಜನಗರದಲ್ಲಿ. ನಾನು ಕುದೇರು ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಯಜಮಾನರಿಗೆ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ, ಬೈಕಿನಲ್ಲಿ ಹೋಗಿಬರುತ್ತಾರೆ. ಅವರಿಗೆ ಗಾಡಿ ಮುಂದಕ್ಕೆ ಓಡಿಸಲು ಬರುತ್ತದೆ, ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಹೀಗಾಗಿ ಗಾಡಿ ತಂದ ವಾರದಲ್ಲೇ ಸ್ಟಿಯರಿಂಗ್ ನನ್ನ ಪಾಲಿಗೆ ಬಂತು. ಅಷ್ಟು ದೊಡ್ಡ ಗಾಡಿಯನ್ನು ಸೀರೆ ಉಟ್ಟವಳೊಬ್ಬಳು ಓಡಿಸಿಕೊಂಡು ಬಂದರೆ ನಮ್ಮ ಕಡೆ ಇನ್ನೂ ನಿಂತು ನೋಡುತ್ತಾರೆ. ನನಗೆ ಅದರಲ್ಲಿ ಒಂದಿಷ್ಟು ಜಂಬವೂ ಇತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಮಾವನವರ ಊರು ಹಂಗಳದ ಹತ್ತಿರ. ಅಲ್ಲಿ ಮಾವ, ಅತ್ತೆ, ಭಾವನವರ ಸಂಸಾರ, ಹಸು, ಕರು, ಜಮೀನು ಎಲ್ಲ ಇವೆ. ಸಾಮಾನ್ಯವಾಗಿ ಭಾನುವಾರ ನಾವು ಹೋಗುತ್ತೇವೆ, ಸಾಯಂಕಾಲ ಗುಂಡ್ಲುಪೇಟೆ, ತೆರಕಣಾಂಬಿ ದಾರಿಯಲ್ಲಿ ವಾಪಸು ಬರುತ್ತೇವೆ. ಬರುವಾಗ ಗಾಡಿ ಬರಿದಾಗಿ ಬಂದದ್ದೇ ಇಲ್ಲ. ರಾಗಿ, ಹುರುಳಿ, ತೆಂಗಿನಕಾಯಿ, ಕುಂಬಳಕಾಯಿ, ಏನಿದ್ದರೆ ಅದು.

ಅದನ್ನು ಹೇರಿ ಕಟ್ಟುವುದು ಮಾವನ ಕೆಲಸ. ಬೇರೆಯವರು ಹಗ್ಗ ಮುಟ್ಟುವಂತಿಲ್ಲ. ವಯಸ್ಸಿನಲ್ಲಿ ಅವರು ಜೋಡೆತ್ತಿನ ಗಾಡಿ ಹೊಡೆದವರು. ಅರಿಶಿನದ ಮೂಟೆಗಳನ್ನು ಅವರು ಕಟ್ಟಿದರೆ ಗುಂಡ್ಲುಪೇಟೆ ತಲುಪುವವರೆಗೆ ಒಂದು ಕೊಂಬೂ ಉದುರುತ್ತಿರಲಿಲ್ಲ ಎಂದು ಊರಿನವರೇ ಹೇಳುತ್ತಾರೆ. ಎತ್ತಿನ ಗಾಡಿಗಳು ಹೋಗಿ ಟ್ರಾಕ್ಟರ್ ಬಂದ ಮೇಲೂ ಹುಲ್ಲಿನ ಲೋಡು ಕಟ್ಟುವಾಗ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರದೊಂದು ಹಳೆಯ ದಪ್ಪ ಹಗ್ಗವಿತ್ತು. ಎಣ್ಣೆ ಕುಡಿದು ಕಪ್ಪಾದ ಹಗ್ಗ. ನಮ್ಮ ಗಾಡಿಯ ಮೇಲಿನ ಕ್ಯಾರಿಯರಿಗೂ ಅದೇ ಹಗ್ಗ ಬರುತ್ತಿತ್ತು.

ರಾಗಿಯನ್ನು ಅವರು ಗಾಡಿಯ ಒಳಗೆ ಇಡಲು ಬಿಡುತ್ತಿರಲಿಲ್ಲ. ಹಿಂದೆ ಬೇಕಾದಷ್ಟು ಜಾಗವಿದ್ದರೂ ಮೂಟೆಗಳು ಮೇಲಕ್ಕೇ ಹೋಗಬೇಕು. "ಉಣ್ಣೋ ಅನ್ನ ಕಣವ್ವ. ಕಾಲ್ ತಗಲೋ ಜಾಗ್ದಲ್ಲಿ ಮಡುಗ್ಬಾರ್ದು" ಎನ್ನುತ್ತಿದ್ದರು. ಕಾಳಿಗೆ ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆ ಅದು. ಎತ್ತಿನ ಗಾಡಿಯಲ್ಲಾದರೆ ಮೂಟೆ ತಳಕ್ಕೇ ಹೋಗುತ್ತಿತ್ತು, ಗಾಡಿ ಹೊಡೆಯುವವನು ಮುಂದೆ ನೊಗಕ್ಕೆ ಹೋಗುವ ಮೂಕಿಯ ಮೇಲೆ ಕೂರುತ್ತಿದ್ದ. ಇದರಲ್ಲಿ ಒಳಗಿರುವುದೆಲ್ಲ ಮನುಷ್ಯರ ಕಾಲಿನ ಜಾಗ. ಆದ್ದರಿಂದ ರಾಗಿಗೆ ಛಾವಣಿ. ನನಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಆ ಭಾನುವಾರ ಮೇಲೆ ಮೂರು ಮೂಟೆ ರಾಗಿ ಇತ್ತು. ಅದರ ಮೇಲೊಂದು ಚೀಲ ಕುಂಬಳಕಾಯಿ. ಮಾವನೂ ನಮ್ಮ ಜೊತೆ ಹೊರಟಿದ್ದರು. ಅವರಿಗೆ ಎಡಗಣ್ಣು ಮಂಜಾಗುತ್ತಿತ್ತು, ಮಾರನೆಯ ದಿನ ಚಾಮರಾಜನಗರದಲ್ಲಿ ಡಾಕ್ಟರಿಗೆ ತೋರಿಸಬೇಕಿತ್ತು. ಅವರು ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು, ಹಿಂದೆ ಹತ್ತನೇ ತರಗತಿಯ ಮಗಳು. ಯಜಮಾನರು ಶಿಫ್ಟಿನಲ್ಲಿದ್ದರು. ತೆರಕಣಾಂಬಿ ದಾಟಿ ಸ್ವಲ್ಪ ದೂರ ಬಂದಿದ್ದೆವು, ರಸ್ತೆ ಖಾಲಿಯಿತ್ತು. ಗೇರಿನ ಪಕ್ಕದ ತಗ್ಗಿನಲ್ಲಿ ಇಟ್ಟಿದ್ದ ಫೋನು ಟಿಣ್ ಅಂದಿತು.

ನಮ್ಮ ಶಾಲೆಯ ಗ್ರೂಪಿನ ಮೆಸೇಜು. "ಕೆಲವರು ಕೊನೇ ಬೆಲ್ ಹೊಡೆಯುವ ಮೊದಲೇ ಗಾಡಿ ಸ್ಟಾರ್ಟ್ ಮಾಡುತ್ತಾರೆ" ಎಂದು ಸಹೋದ್ಯೋಗಿಯೊಬ್ಬರು ಬರೆದಿದ್ದರು. ನಮ್ಮ ಶಾಲೆಯಲ್ಲಿ ಗಾಡಿಯಲ್ಲಿ ಬರುವವಳು ನಾನೊಬ್ಬಳೇ. ಮೈಯೆಲ್ಲ ಉರಿದುಹೋಯಿತು. ಒಂದು ದಿನ, ಅದೂ ಹೆಡ್‌ಮಾಸ್ಟರನ್ನು ಕೇಳಿಯೇ ಬೇಗ ಹೊರಟಿದ್ದೆ. ಉತ್ತರ ಏನು ಬರೆಯಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಇನ್ನೊಂದು ಸಲ ಓದಿದೆ. ಮೊದಲ ಸಲ ಓದಿದ್ದಕ್ಕೆ ಏನೂ ಆಗಲಿಲ್ಲ. ಎರಡನೇ ಸಲ ಓದಿ ಕಣ್ಣೆತ್ತಿದಾಗ ತಿರುವು ಗಾಡಿಯ ಮೂತಿಗೇ ಬಂದಿತ್ತು.

ಸ್ಪೀಡಿನ ಮುಳ್ಳು ಎಪ್ಪತ್ತರಲ್ಲಿತ್ತು. ಬ್ರೇಕು ತುಳಿದು ಸ್ಟಿಯರಿಂಗ್ ಬಲಕ್ಕೆ ಎಳೆದೆ. ಗಾಡಿ ತಿರುಗಿತು, ಆದರೆ ಅದರ ಮೈ ಎಡಕ್ಕೇ ಉಳಿಯಿತು. ಬಲಗಡೆಯ ಚಕ್ರಗಳು ನೆಲ ಬಿಟ್ಟಿದ್ದವೆಂದೇ ಇವತ್ತಿಗೂ ನನ್ನ ನಂಬಿಕೆ. ಮಗಳು ಕಿರುಚಿದಳು. ಎಡಗಡೆಯ ಚಕ್ರಗಳು ರಸ್ತೆಯ ಪಕ್ಕದ ಮಣ್ಣಿಗಿಳಿದು, ಗಾಡಿ ಮೋರಿಯ ದಿಬ್ಬಕ್ಕೆ ಒರಗಿ ನಿಂತಿತು. ಎದುರಿಗೆ ಎರಡು ಮಾರು ದೂರದಲ್ಲಿ ಹುಣಸೆಮರ. ಮಾವನ ಹಣೆ ಕಿಟಕಿಯ ಗಾಜಿಗೆ ಬಡಿದು ಊದಿಕೊಂಡಿತ್ತು. ಬೇರೆ ಯಾರಿಗೂ ಏನೂ ಆಗಿರಲಿಲ್ಲ.

ಕೆಳಗಿಳಿದು ಮೊದಲು ನೋಡಿದ್ದು ಮೇಲಕ್ಕೆ. ಅಷ್ಟು ವಾಲಿ ನಿಂತಿದ್ದರೂ ಒಂದು ಮೂಟೆಯೂ ಜರುಗಿರಲಿಲ್ಲ. ಹಗ್ಗ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಅದನ್ನು ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಬೈಕಿನವರು, ಹೊಲದಲ್ಲಿದ್ದವರು ಎಂಟು ಹತ್ತು ಜನ ಸೇರಿದರು. "ಯಾರು ಓಡುಸ್ತಿದ್ದೋರು?" ಎಂದು ಒಬ್ಬ ಕೇಳಿದ. "ಈಯಮ್ಮನೇಯಾ" ಎಂದು ಇನ್ನೊಬ್ಬ ಹೇಳಿದ. "ಅಂಗಾರೆ ಸರಿ ಬುಡು" ಎಂದ ಮೊದಲಿನವನು. ನನ್ನ ಕಿವಿ ಕಾದುಹೋಯಿತು. ಆಗ ಮಾವ ಹಣೆ ಒತ್ತಿಕೊಂಡು ಇಳಿದು ಬಂದರು.

"ಅವಳದೇನೂ ಇಲ್ಲ ಕಣಪ್ಪ. ಏರ್ದೋನು ನಾನು. ಮೂರು ಮೂಟೆ ಮ್ಯಾಕೆ ಏರ್ಬಾರ್ದಾಗಿತ್ತು. ಮೇಲ್ಭಾರ ಆಗೋಯ್ತು. ತಪ್ಪು ನಂದು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಂಗೇ ತಾನೆ ಕಣವ್ವ ಎಳ್ದಿದ್ದು?" ಎಂದು ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.

ಇಷ್ಟೇ ನಾನು ಮಾಡಿದ್ದು. ಬಾಯಿ ಬಿಟ್ಟು ಒಂದು ಸುಳ್ಳೂ ಹೇಳಲಿಲ್ಲ. ಹಿಂದೆ ನಿಂತಿದ್ದ ಮಗಳು ನನ್ನ ಮುಖ ನೋಡಿದಳು. ಅವಳು ಹಿಂದಿನ ಸೀಟಿನ ನಡುವೆ ಕೂತಿದ್ದವಳು, ನನ್ನ ಕಣ್ಣು ಎಲ್ಲಿತ್ತೆಂದು ಅವಳಿಗೆ ಕಂಡಿತ್ತು.

ಮಾವ ಅವತ್ತು ಚಾಮರಾಜನಗರಕ್ಕೆ ಬರಲಿಲ್ಲ. ಜನ ಸೇರಿ ಗಾಡಿಯನ್ನು ರಸ್ತೆಗೆ ತಳ್ಳಿದ ಮೇಲೆ, "ನಾನು ಬಸ್ಸಲ್ಲಿ ಊರ್ಗೆ ಓಯ್ತೀನಿ, ಕಣ್ಣು ಇನ್ನೊಂದ್ಸಲ ತೋರುಸ್ದರಾಯ್ತು" ಎಂದು ರಸ್ತೆಯ ಆ ಬದಿಗೆ ದಾಟಿ ನಿಂತರು. ಮೂಟೆಗಳನ್ನು ಇಳಿಸಿ ಗಾಡಿಯೊಳಗೆ ಇಡುವಾಗ ಅವರು ತಡೆಯಲೂ ಇಲ್ಲ. ನಮ್ಮ ಮಾವ ರಾಗಿಯ ವಿಷಯದಲ್ಲಿ ಸುಮ್ಮನಿದ್ದದ್ದು ನನಗೆ ತಿಳಿದಂತೆ ಅದೇ ಮೊದಲು.

ಮುಂದಿನ ಭಾನುವಾರ ಹೋದಾಗ ಅವರು ಹಗ್ಗ ತರಲಿಲ್ಲ. ಹೇರುವುದಿದ್ದರೆ ಭಾವನವರು ಹೇರಲಿ ಎಂದು ಕೊಟ್ಟಿಗೆ ಕಡೆ ಹೋದರು. ಹೋಗಿ ನೋಡಿದರೆ ಆ ಕಪ್ಪು ಹಗ್ಗ ಕರುವಿನ ಕೊರಳಿನಲ್ಲಿತ್ತು. ಅಷ್ಟು ದಪ್ಪ ಹಗ್ಗ ಅಷ್ಟು ಎಳೆಯ ಕೊರಳಿಗೆ ಯಾರು ಕಟ್ಟುತ್ತಾರೆ? ಊರಿನಲ್ಲಿ ಸುದ್ದಿ ಹರಡಿತ್ತು. ಡೈರಿಗೆ ಹಾಲು ಹಾಕಲು ಹೋದರೆ ಆಡಿಕೊಳ್ಳುತ್ತಿದ್ದರು ಎಂದು ಅತ್ತೆ ಹೇಳಿದರು. ಮೊಪೆಡ್ಡಿನಲ್ಲಿ ಹಾಲು ತರುವ ಒಬ್ಬ ದಿನಾ ಕೇಳುತ್ತಿದ್ದನಂತೆ: "ಏನಣ್ಣ, ಸೊಸೆ ಮೊಮ್ಮಗಳ್ನ ಮಗುಚಾಕಕ್ಕೆ ಓಗಿದ್ದಂತೆ?" ಮಾವ ನಕ್ಕು ಕ್ಯಾನು ಮುಂದಕ್ಕಿಡುತ್ತಿದ್ದರಂತೆ. ಊರಿನವರು ಕರೆದರೂ ಹುಲ್ಲಿನ ಲೋಡು ಕಟ್ಟಲು ಹೋಗಲಿಲ್ಲವಂತೆ. ಅತ್ತೆ ಇದನ್ನೆಲ್ಲ ಹೇಳಿದ ಮೇಲೆ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಹಾಗೇ ಪಕ್ಕಕ್ಕಿಟ್ಟೆ.

ಹೇಳಿಬಿಡಬಹುದಿತ್ತು. ಹೇಳಬೇಕೆಂದು ಎಷ್ಟು ಸಲ ಹೊರಟೆನೋ. ಆದರೆ ಹೇಳಿದರೆ 'ಅಂಗಾರೆ ಸರಿ ಬುಡು' ಎಂದ ಆ ಮನುಷ್ಯನ ಮಾತು ನಿಜವಾಗುತ್ತಿತ್ತು. ಹೆಂಗಸರ ಕೈಗೆ ಗಾಡಿ ಕೊಟ್ಟರೆ ಹೀಗೇ ಎಂದು ಊರಿಗೆ ಊರೇ ಹೇಳುತ್ತದೆ. ಮೇಲಾಗಿ ನಾನು ಮೇಡಂ. ಗಾಡಿ ಓಡಿಸುವಾಗ ಫೋನು ನೋಡಬೇಡಿ ಎಂದು ರಸ್ತೆ ಸುರಕ್ಷತೆಯ ಸಪ್ತಾಹದಲ್ಲಿ ಮಕ್ಕಳಿಂದ ಪ್ರತಿಜ್ಞೆ ಮಾಡಿಸಿದವಳು. ನನ್ನ ಮಾನ ಉಳಿಯಲಿ ಎಂದು ಮುದುಕರ ಮಾನ ತೆಗೆದುಕೊಂಡೆ. ಈಗ ಬರೆಯುವುದು ಸುಲಭ, ಆಗ ಅದಕ್ಕೆ ಇಂಥ ಹೆಸರಿದೆ ಎಂದು ಒಪ್ಪಿಕೊಳ್ಳಲಿಲ್ಲ.

ಇನ್ನೊಂದು ಕಾಟವೂ ಶುರುವಾಗಿತ್ತು. ಗಾಡಿ ಹತ್ತಿದರೆ ಭಯ. ಶಾಲೆಯ ದಾರಿಯ ಸಣ್ಣ ತಿರುವಿನಲ್ಲೂ ಗಾಡಿ ಎಡಕ್ಕೆ ಮಲಗಿಬಿಡುತ್ತದೆ ಎನಿಸುತ್ತಿತ್ತು. ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು.  ಗಾಡಿಯಲ್ಲೇ ಏನೋ ಐಬಿದೆ, ಅದನ್ನು ಸರಿ ಮಾಡಿಸಿದರೆ ಎಲ್ಲವೂ ಸರಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನು ರಿಪೇರಿ ಮಾಡಿಸಲು ಹೊರಟೆ.

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಕಡೆ ಒಂದು ಗ್ಯಾರೇಜಿದೆ. ಅದರ ಮೆಕ್ಯಾನಿಕ್ ವಯನಾಡಿನ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವರು. ಕನ್ನಡ ಚೆನ್ನಾಗಿಯೇ ಆಡುತ್ತಾರೆ, ಹೆಂಗಸರನ್ನು ಮಾತ್ರ ಅಕ್ಕ ಅನ್ನುವ ಬದಲು ಮಲಯಾಳದಲ್ಲಿ ಚೇಚಿ ಅನ್ನುತ್ತಾರೆ. ಘಾಟಿ ಹತ್ತಿಳಿಯುವ ಗಾಡಿಗಳೆಲ್ಲ ಅವರ ಹತ್ತಿರ ಬರುವುದರಿಂದ ವಾಲುವ ರೋಗ ಅವರಿಗೆ ಗೊತ್ತು. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ನನ್ನನ್ನೂ ಕೆಳಗಿಳಿಸಿ, ಲೈಟು ಹಿಡಿದು ತೋರಿಸಿದರು. ಎಡಚಕ್ರದ ಕಡೆಯಿಂದ ಬಲಚಕ್ರದ ಕಡೆಗೆ ಅಡ್ಡಲಾಗಿ ಹೋಗಿ ಎರಡು ತುದಿಯಲ್ಲೂ ಬಾಗಿದ ಒಂದು ಕಬ್ಬಿಣದ ರಾಡು. ಸ್ವೇ ಬಾರ್ ಎಂದು ಪುಸ್ತಕದ ಹೆಸರು, ಇವರು ಸ್ಟೆಬಿಲೈಸರ್ ರಾಡ್ ಎನ್ನುತ್ತಾರೆ. ಮುಂದೆ ಒಂದು, ಹಿಂದೆ ಒಂದು. ತಿರುವಿನಲ್ಲಿ ಗಾಡಿಯ ಮೈ ಒಂದು ಕಡೆಗೆ ವಾಲಿದಾಗ ಈ ರಾಡು ತಿರುಚಿಕೊಳ್ಳುತ್ತದೆ, ತಿರುಚಿದ್ದು ಸರಿಯಾಗಲು ಒದ್ದಾಡುತ್ತಾ ಎರಡು ಕಡೆಯನ್ನೂ ಸಮಕ್ಕೆ ಎಳೆಯುತ್ತದೆ. ರಾಡು ದಪ್ಪವಾದಷ್ಟೂ ತಿರುಚುವುದು ಕಷ್ಟ, ಗಾಡಿ ವಾಲುವುದೂ ಕಡಿಮೆ.

"ದಪ್ಪ ರಾಡು ಕೊಯಮತ್ತೂರಿಂದ ತರಿಸ್ತೇನೆ. ಎರಡೂ ಕಡೆದು ಒಟ್ಟಿಗೆ ಬದಲಾಯಿಸಬೇಕು, ಹಿಂದಿಂದು ಮಾತ್ರ ಗಟ್ಟಿ ಮಾಡಿದ್ರೆ ತಿರುವಿನಲ್ಲಿ ಗಾಡಿಯ ಬಾಲ ಹೊರಕ್ಕೆ ಎಳೀತದೆ" ಎಂದರು. "ಒಂದು ಮಾತು ಚೇಚಿ. ರಾಡು ಹಾಕಿದ್ರೆ ವಾಲೋದು ಕಡಿಮೆ. ಹೆಚ್ಚು ಭಾರ ಹೊರ್ತದೆ ಅಂತ ಅಲ್ಲ. ಭಾರ ಯಾವಾಗಲೂ ಕೆಳಗಿಡಿ."

"ಮೇಲೆ ಭಾರ ಇಟ್ಟದ್ದಕ್ಕೇ ಹೀಗಾಯ್ತು ಅನ್ನಿ" ಎಂದೆ. ನನಗೆ ಬೇಕಾಗಿದ್ದ ಮಾತು ಅವರ ಬಾಯಿಂದ ಬರಲಿ ಎಂದು ಕಾದೆ.

"ಸ್ವಲ್ಪ ಅದೂ ಇರ್ತದೆ. ಎಷ್ಟು ಸ್ಪೀಡಿತ್ತು?"

"ಐವತ್ತು" ಎಂದೆ.

ಅವರು ಲೈಟು ಆರಿಸಿದರು. "ಐವತ್ತಕ್ಕೆ ಮೂರು ಮೂಟೆ ಇದನ್ನ ಆ ಥರ ಎಳೆಯಲ್ಲ ಚೇಚಿ" ಎಂದಷ್ಟೇ ಹೇಳಿ ಕೈ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಯಾರೂ ಕೇಳದಿದ್ದರೂ ರಸ್ತೆಯಲ್ಲಿ ಮರಳಿತ್ತು, ಎದುರಿಗೆ ನಾಯಿ ಬಂತು ಎಂದು ಏನೇನೋ ಹೇಳಿದೆ. ನಾಯಿ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ದಸರಾ ರಜೆಯಲ್ಲಿ ರಾಡು ಬಂತು. ಅದರ ಹಿಂದಿನ ದಿನ ಮಗಳು ಓದುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಅಮ್ಮ, ತಾತಂಗೆ ಯಾವಾಗ ಹೇಳ್ತೀಯ?" ಮೂರು ತಿಂಗಳಲ್ಲಿ ಅವಳು ಆ ವಿಷಯ ಎತ್ತಿದ್ದು ಅದೊಂದೇ ಸಲ. "ಗಾಡಿ ಸರಿ ಆಗ್ಲಿ" ಎಂದೆ. ಅವಳು ಪುಟ ತಿರುಗಿಸಿದಳು.

ಗ್ಯಾರೇಜಿನಲ್ಲಿ ನಾನು ಅವರ ಪ್ರಾಣ ತಿಂದೆ. ಬೋಲ್ಟು ಗಟ್ಟಿಯಾಗಿದೆಯೇ, ರಬ್ಬರಿನ ಬುಷ್ಷಿಗೆ ಗ್ರೀಸ್ ಹಚ್ಚಿದಿರಾ, ಈ ಕಡೆ ಸ್ವಲ್ಪ ಮೇಲಿಲ್ಲವೇ ಎಂದು ಕೇಳುತ್ತಲೇ ಇದ್ದೆ. "ಪೇಡಿಕ್ಕಂಡ ಚೇಚಿ, ಹೆದರಬೇಡಿ" ಎಂದು ಎರಡು ಭಾಷೆಯಲ್ಲೂ ಹೇಳಿದರು. ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ಇಳಿಸಿ ಭಾರ ಬಿಟ್ಟ ಮೇಲೆಯೇ ಕೊನೆಯ ಬಿಗಿ ಹಾಕಿದರು. ಗಾಳಿಯಲ್ಲಿ ಎತ್ತಿ ಬಿಗಿದರೆ ಬುಷ್ಷು ಬೇಗ ಹರಿಯುತ್ತದಂತೆ. ಕಳಚಿದ ಹಳೆಯ ರಾಡುಗಳನ್ನು ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸಿದರು.

"ಇದಕ್ಕೇನೂ ಆಗಿಲ್ಲ. ಬುಷ್ಷು ಒಂದಿಷ್ಟು ಸವೆದಿತ್ತು, ಅಷ್ಟೆ. ಗುಜರಿಗೆ ಹಾಕ್ಲಾ?"

"ಬೇಡ, ಗಾಡಿಯಲ್ಲೇ ಹಿಂದೆ ಹಾಕಿಬಿಡಿ" ಎಂದೆ. ಯಾಕೆ ಹಾಗಂದೆನೋ. ನಮ್ಮ ಮನೆಯಲ್ಲಿ ಹಳೆಯ ಕಬ್ಬಿಣ ಬಿಸಾಡುವ ಅಭ್ಯಾಸವಿಲ್ಲ, ಅದಿರಬೇಕು.

ಗ್ಯಾರೇಜಿನಿಂದ ನೇರ ಆ ತಿರುವಿಗೆ ಹೋದೆ. ತೆರಕಣಾಂಬಿ ದಾಟಿ ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಫೋನನ್ನು ಬ್ಯಾಗಿನಲ್ಲಿ ಹಾಕಿ ಜಿಪ್ ಎಳೆದೆ. ಮೊದಲು ನಲವತ್ತರಲ್ಲಿ ಹೋದೆ, ಗಾಡಿ ಮಿಸುಕಲಿಲ್ಲ. ತಿರುಗಿಸಿಕೊಂಡು ಬಂದು ಐವತ್ತರಲ್ಲಿ ಹೋದೆ. ಮೊದಲಾಗಿದ್ದರೆ ಹಿಂದಿನ ಸೀಟಿನ ನೀರಿನ ಬಾಟಲಿ ಆ ತುದಿಯಿಂದ ಈ ತುದಿಗೆ ಉರುಳುತ್ತಿತ್ತು, ಈಗ ಇದ್ದಲ್ಲೇ ಒಂದಿಷ್ಟು ಅಲುಗಿತು. ಗಾಡಿ ನೆಲಕ್ಕೆ ಅಂಟಿಕೊಂಡು ತಿರುಗಿತು. ಕೆಲಸ ಚೆನ್ನಾಗಿ ಆಗಿತ್ತು. ನಾನು ಮಾತ್ರ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ, ಸ್ಟಿಯರಿಂಗ್ ಬಿಡಲಾಗದೆ ಕೂತಿದ್ದೆ. ಅಂಗೈಯ ಬೆವರು ಹಾಗೇ ಇತ್ತು. ರಾಡು ಹಾಕಿಸಿದ್ದು ಗಾಡಿಗೆ ಮಾತ್ರ.

ಆದರೂ ಒಂದು ಆಸೆ ಉಳಿದಿತ್ತು. ಮಾವನಿಗೆ ಹೊಸ ರಾಡು ತೋರಿಸಿ, ಗಾಡಿಯ ದೋಷ ಹೋಯಿತು, ಇನ್ನು ನೀವು ಮೊದಲಿನ ಹಾಗೆ ಹೇರಬಹುದು ಎಂದರೆ ಅವರು ಹಗ್ಗ ತಂದುಬಿಡಬಹುದು. ನಾನು ಏನನ್ನೂ ಹೇಳದೆಯೇ ಎಲ್ಲ ಮೊದಲಿನಂತಾಗಬಹುದು. ಗಾಡಿ ತಿರುಗಿಸಿ ಹಂಗಳದ ಕಡೆ ಹೊರಟೆ.

ಮಾವ ಕೊಟ್ಟಿಗೆಯ ಮುಂದೆ ಇದ್ದರು. ಹೇಳಿದ್ದನ್ನು ಕೇಳಿ, ಟವೆಲು ಹಾಸಿ ಮಂಡಿಯೂರಿ ಗಾಡಿಯ ಕೆಳಗೆ ಬಗ್ಗಿದರು. ರಾಡಿನ ಮೇಲೆ ಕೈಯಾಡಿಸಿದರು.

"ನೊಗ ಇದ್ದಂಗೆ ಅನ್ನು. ಒಂದ್ ಕಡೆ ಎತ್ತು ಕುಸುದ್ರೆ ಇನ್ನೊಂದ್ನೂ ಜೊತೇಲಿ ಎಳ್ಕತದೆ."

"ಹೂಂ ಮಾವ, ಅದೇ. ಇನ್ನು ವಾಲಲ್ಲ. ನೀವು ಮೇಲೆ ಹೇರಿದ್ರೂ ಏನಾಗಲ್ಲ" ಎಂದೆ. ನನ್ನ ದನಿ ನನಗೇ ಹೆಚ್ಚು ಉತ್ಸಾಹದ್ದಾಗಿ ಕೇಳಿಸಿತು.

ಅವರು ಎದ್ದು ಹಿಂದಿನ ಬಾಗಿಲ ಹತ್ತಿರ ಬಂದರು. ಅಲ್ಲಿ ಹಳೆಯ ರಾಡುಗಳಿದ್ದವು. ಒಂದನ್ನು ಹೊರಗೆಳೆದು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತರು. ತುದಿಯಿಂದ ತುದಿಗೆ ಉಗುರು ಎಳೆದು ನೋಡಿದರು. ಆಮೇಲೆ ಎಡಗೈಯಲ್ಲಿ ತೂಗಿ ಹಿಡಿದು ಒಂದು ಕಲ್ಲಿನಿಂದ ಬಡಿದರು. ಎತ್ತಿನ ಗಾಡಿಯ ಅಚ್ಚನ್ನು ಹೀಗೆಯೇ ಪರೀಕ್ಷೆ ಮಾಡುತ್ತಿದ್ದರಂತೆ. ಒಳಗೆ ಬಿರುಕಿದ್ದರೆ ಕಬ್ಬಿಣ ಬೊದ್ದಾಗಿ ಸದ್ದು ಮಾಡುತ್ತದೆ. ಈ ರಾಡು ಠಣ್ ಎಂದು ಗಂಟೆಯ ಹಾಗೆ ಕೇಳಿಸಿತು. ಇನ್ನೊಂದನ್ನೂ ಬಡಿದರು. ಅದೂ ಹಾಗೇ.

"ಇದ್ಕೇನಾಗಿತ್ತವ್ವ?" ಎಂದು ಕೇಳಿದರು. "ಸಂದಾಗೇ ಅದಲ್ಲ."

ನಾನು ಗಾಡಿಯ ಹಿಂದಿನ ಬಾಗಿಲು ಹಾಕಿದೆ.

"ಬಿರುಕಿಲ್ಲ, ಸವುದಿಲ್ಲ. ಅಂಗಾರೆ ಗಾಡಿದೇನೂ ಇರ್ನಿಲ್ಲ" ಎಂದರು. ರಾಡನ್ನು ನಿಧಾನವಾಗಿ ಜಗಲಿಯ ಮೇಲೆ ಮಲಗಿಸಿದರು. "ನನ್ ಭಾರದ್ದೇ ಕಣವ್ವ. ನಂಗೊಸಿ ಅನುಮಾನ ಇತ್ತು, ಗಾಡಿದೇ ಏನಾರ ಇರ್ಬೋದೇನೋ ಅಂತ. ಈಗ ಗೊತ್ತಾಯ್ತು ಬುಡು."

ಅವರಿಗೆ ಉಳಿದಿದ್ದ ಒಂದು ಅನುಮಾನವನ್ನೂ ಹಳೆಯ ರಾಡು ತಂದು ಎದುರಿಗಿಟ್ಟು ನಾನೇ ತೆಗೆದುಹಾಕಿದ್ದೆ. ಅದನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

"ಮಾವ, ನಾನು ಫೋನ್ ನೋಡ್ತಿದ್ದೆ" ಎಂದೆ. "ತಿರುವು ಬಂದದ್ದೇ ಕಾಣಲಿಲ್ಲ. ಎಪ್ಪತ್ತರಲ್ಲಿದ್ದೆ. ನಿಮ್ಮ ಹಗ್ಗ ಒಂದಿಂಚೂ ಜರುಗಿರಲಿಲ್ಲ. ನಾನು ಅವತ್ತೇ ನೋಡಿದ್ದೆ, ನೋಡಿಯೂ ತಲೆಯಾಡಿಸಿದೆ. ತಪ್ಪಾಯ್ತು ಮಾವ."

ಅವರು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಇಲ್ಲವೇ ಹೋಗಲಿ ಬುಡು ಅನ್ನುತ್ತಾರೆ ಎಂದು ಕೂಡ ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಎರಡೂ ಆಗಲಿಲ್ಲ. ಕರುವಿನ ಕೊರಳಿನ ಹಗ್ಗದ ಕಡೆ ನೋಡಿದರು.

"ಮೂರು ತಿಂಗ್ಳು ಕಣವ್ವ" ಎಂದರು. "ಕರ ಕಟ್ಟುವಾಗ್ಲೂ ಎಲ್ಡೆಲ್ಡು ಸಲ ಗಂಟು ಮುಟ್ಟಿ ನೋಡ್ತಿದ್ದೆ. ನನ್ ಕೈಯ ನಾನೇ ನಂಬ್ದೆ ಓದೆ."

ನನಗೆ ಅಳು ಬಂತು. ಅವರು ನೋಡಲಿಲ್ಲ. ಎದ್ದು ಹಾಲಿನ ಕ್ಯಾನು ತೆಗೆದುಕೊಂಡರು. "ನಂಗೇಳ್ದೆ, ಸರಿ. ಆಡ್ಕಂಡೋರ್ಗೂ ಏಳ್ಬೇಕಲ್ವಾ. ಡೈರಿ ಒತ್ತಾಯ್ತು, ಬಾ" ಎಂದರು.

ಮನೆಯಿಂದ ಡೈರಿಗೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ನಾನು ಪಟ್ಟ ಪಾಡು ಆ ತಿರುವಿನಲ್ಲೂ ಪಟ್ಟಿರಲಿಲ್ಲ. ಸಾಯಂಕಾಲದ ಹಾಲು ಹಾಕುವ ಹೊತ್ತು, ಗಂಡಸರು ಹೆಂಗಸರು ಹದಿನೈದಿಪ್ಪತ್ತು ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಮೊಪೆಡ್ಡಿನವನೂ ಇದ್ದ. ಮಾವ ಸಾಲಿನ ಕೊನೆಗೆ ಹೋಗಿ ನಿಂತರು. ನಾನು ಬಾಗಿಲ ಹತ್ತಿರ ನಿಂತೆ. ನೂರು ಮಕ್ಕಳ ಎದುರು ಪ್ರಾರ್ಥನೆಯಲ್ಲಿ ಮಾತಾಡುವವಳು ನಾನು. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಅವತ್ತು ಗಾಡಿ ಎಳೆದದ್ದು ನಮ್ಮ ಮಾವನ ಭಾರದಿಂದಲ್ಲ, ಫೋನ್ ನೋಡುತ್ತಾ ಓಡಿಸಿದ್ದು ನಾನು, ಇಷ್ಟು ದಿನ ಹೇಳದೆ ಇದ್ದದ್ದೂ ನಾನೇ ಎಂದು ಹೇಳಿದೆ.

ಹಾಲು ಅಳೆಯುವವನ ಕೈ ನಿಂತಿತು. ಮೊಪೆಡ್ಡಿನವನು ಪಕ್ಕದವನಿಗೆ, "ನಾ ಏಳ್ನಿಲ್ವಾ, ಎಂಗಸ್ರ ಕೈಗೆ ಗಾಡಿ ಕೊಟ್ರೆ ಇಂಗೇ ಕಣ್ಲಾ" ಎಂದ. ನಾನು ಮೂರು ತಿಂಗಳು ಹೆದರಿಕೊಂಡಿದ್ದ ಮಾತು, ಅಕ್ಷರ ಬದಲಾಗದೆ ಬಂತು. ಇಬ್ಬರು ನಕ್ಕರು. ಉರಿಯಿತು. ಆದರೆ ಅದಕ್ಕೆ ಕೊಡಬಹುದಾದ ಉತ್ತರವನ್ನು ನಾನೇ ಕಳೆದುಕೊಂಡಿದ್ದೆ.

ಸಾಲಿನ ಮುಂದಿದ್ದ ಒಬ್ಬ ಅಜ್ಜಿ ನನ್ನನ್ನು ನೋಡಿ ಕೇಳಿತು: "ಅಂಗಾರೆ ನಿಮ್ಮಾವ ಕಟ್ಟಿದ್ ಹಗ್ಗ?"

"ಜರುಗಿರಲಿಲ್ಲ ಅಜ್ಜಿ. ಒಂದಿಂಚೂ ಇಲ್ಲ."

"ಅಂಗನ್ನು" ಎಂದು ಅಜ್ಜಿ ಕ್ಯಾನು ಮುಂದಕ್ಕೆ ಸರಿಸಿತು. ಸಾಲು ಸರಿಯಿತು. ಮಾವ ತಮ್ಮ ಸರದಿ ಬಂದಾಗ ಹಾಲು ಹಾಕಿದರು, ಚೀಟಿ ತೆಗೆದುಕೊಂಡರು, ನನ್ನ ಕಡೆ ನೋಡದೆ ಮನೆ ಕಡೆ ನಡೆದರು.

ನಾನು ಹಿಂದೆ ಹೋಗುವಷ್ಟರಲ್ಲಿ ಅವರು ಕರುವಿನ ಕೊರಳಿಂದ ಕಪ್ಪು ಹಗ್ಗ ಬಿಚ್ಚಿ, ಅದಕ್ಕೆ ಬೇರೊಂದು ತೆಳು ಹಗ್ಗ ಕಟ್ಟುತ್ತಿದ್ದರು. ಗಂಟು ಹಾಕಿ ಎದ್ದರು. ಎರಡನೇ ಸಲ ಮುಟ್ಟಿ ನೋಡಲಿಲ್ಲ.

ಭಾವನವರನ್ನು ಕರೆದು ಎರಡು ಮೂಟೆ ರಾಗಿ ತರಿಸಿದರು. ಕ್ಯಾರಿಯರಿನ ಕಡೆ ಒಮ್ಮೆ ನೋಡಿ, "ಭಾರ ತಳಕ್ಕೆ, ಅಗುರ ಮ್ಯಾಕೆ. ಎತ್ತಿನ ಗಾಡೀಲೂ ಅಂಗೇ. ಇದ್ರಲ್ಲಿ ಮರ್ತಿದ್ದೆ ಕಣವ್ವ, ಅದೊಂದು ನಂದೂ ತಪ್ಪೇ" ಎಂದರು. ಹಿಂದಿನ ಸೀಟು ಮಡಿಸಿ, ಒಗೆದ ಪಂಚೆಯೊಂದನ್ನು ಹಾಸಿ, ಅದರ ಮೇಲೆ ಯಾರ ಕಾಲೂ ತಗಲದ ಹಾಗೆ ಮೂಟೆ ಇಡಿಸಿದರು. ಮೇಲಕ್ಕೆ ಸೋರೆಕಾಯಿಯ ಒಂದು ಚೀಲ ಮಾತ್ರ ಹೋಯಿತು. ಕ್ಯಾರಿಯರಿಗೆ ಹಗ್ಗ ಬಿಗಿಯುವ ಮೊದಲು ನನ್ನ ಕಡೆ ಅಂಗೈ ಚಾಚಿದರು.

"ಪೋನ್ ಕೊಡು."

ಕೊಟ್ಟೆ. ಅದನ್ನು ಸೋರೆಕಾಯಿಗಳ ನಡುವೆ ತೂರಿಸಿ, ಚೀಲದ ಬಾಯಿ ಕಟ್ಟಿ, ಮೇಲೆ ಹಗ್ಗ ಎಳೆದು ಬಿಗಿದು ಗಂಟು ಹಾಕಿದರು. "ಮನೆಗೋದ್ಮೇಲೆ ಬುಚ್ಕೊ" ಎಂದರು. ಆಮೇಲೆ ಒಳಗೆ ಹೋಗಿ ಬ್ಯಾಗು ಹಿಡಿದು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು. "ಕಣ್ಣು ತೋರುಸ್ಬೇಕಲ್ಲ. ನಡಿ."

ಗುಂಡ್ಲುಪೇಟೆ ದಾಟಿದೆವು, ತೆರಕಣಾಂಬಿ ದಾಟಿದೆವು.  ನೆತ್ತಿಯ ಮೇಲೆ ಎಲ್ಲೋ ಫೋನು ಸಣ್ಣಗೆ ರಿಂಗಾಯಿತು, ರಿಂಗಾಗಿ ನಿಂತಿತು. ತಿರುವು ಬಂತು. ಮುಳ್ಳು ನಲವತ್ತರ ಮೇಲೆ ಹೋಗದಂತೆ ನೋಡಿಕೊಂಡು ನಿಧಾನ ತಿರುಗಿಸಿದೆ. ಗಾಡಿ ವಾಲಲಿಲ್ಲ. ಓರೆಗಣ್ಣಿನಲ್ಲಿ ಕಂಡೆ, ಮಾವನ ಎಡಗೈ ಬಾಗಿಲ ಮೇಲಿನ ಹಿಡಿಯನ್ನು ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿತ್ತು. ತಮ್ಮ ಕೈಯ ಮೇಲಷ್ಟೇ ಅವರಿಗೆ ನಂಬಿಕೆ ಮರಳಿ ಬಂದಿತ್ತು, ನನ್ನ ಕೈಯ ಮೇಲಲ್ಲ. ತಿರುವು ಹಿಂದೆ ಬಿದ್ದು, ಹುಣಸೆಮರ ಹಿಂದೆ ಬಿದ್ದು, ರಸ್ತೆ ನೆಟ್ಟಗಾದ ಮೇಲೂ ಅವರು ಆ ಹಿಡಿಯನ್ನು ಬಿಡಲಿಲ್ಲ.